ಲಿವರ್‌ನಿಂದ ಬೋಟಿಯವರೆಗೆ: ಒಳಾಂಗ ಮಾಂಸದ ಅಡುಗೆ ಕಲಿಯಲು ಸಮಗ್ರ ಮಾರ್ಗದರ್ಶಿ

ಭಾನುವಾರ ಬೆಳಗಿನ ಹೊತ್ತು ಬೆಂಗಳೂರಿನ ಯಾವ ಮಟನ್ ಅಂಗಡಿಗೆ ಹೋದರೂ ಬೋಟಿ (ಕರುಳು ಮತ್ತು ಹೊಟ್ಟೆಯ ಭಾಗ), ತಲೆ, ಕಾಲು, ಲಿವರ್‌ಗಳು ತೊಡೆ ಮಾಂಸಕ್ಕಿಂತ ಮೊದಲೇ ಮುಗಿದುಹೋಗಿರುವುದುಂಟು. ಅವುಗಳ ರುಚಿ ಬಲ್ಲವರು ಹಿಂದಿನ ಸಂಜೆಯೇ ಅಂಗಡಿಯವರಿಗೆ ಹೇಳಿಟ್ಟಿರುತ್ತಾರೆ. ಅದೇ ಊರಿನಲ್ಲಿ, ಮಾಂಸಾಹಾರದ ಮನೆಯಲ್ಲಿಯೇ ಹುಟ್ಟಿ ಬೆಳೆದರೂ ಲಿವರ್‌ನ ವಾಸನೆಗೆ ಮುಖ ತಿರುಗಿಸುವವರು, ಬೋಟಿಯನ್ನು ಕೈಯಿಂದ ಮುಟ್ಟಲೂ ಹಿಂಜರಿಯುವವರು ಬಹಳ ಮಂದಿ ಇದ್ದಾರೆ. ಈ ಬರಹ ಅವರಿಗಾಗಿ. ಇದರಲ್ಲಿ ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ ಮಾತು: ಒಳಾಂಗದ ಅಡುಗೆಯನ್ನು ಗೆಲ್ಲಿಸುವುದು ಮತ್ತು ಸೋಲಿಸುವುದು ಎರಡೂ ಮಸಾಲೆಯ ಕೈಯಲ್ಲಿಲ್ಲ, ಅದು ಶುಚಿಮಾಡುವ ಕ್ರಮ ಮತ್ತು ಒಲೆಯ ಮೇಲಿಡುವ ಸಮಯದ ಕೈಯಲ್ಲಿದೆ. ಅತಿಯಾಗಿ ಬೆಂದು ಒಣಗಿದ ಲಿವರನ್ನೋ, ಅರೆಬರೆ ತೊಳೆದ ಬೋಟಿಯನ್ನೋ ಮೊದಲ ಸಲ ತಿಂದವರು ಅದನ್ನು ಜೀವನಪೂರ್ತಿ ದೂರವಿಡುವುದರಲ್ಲಿ ಆಶ್ಚರ್ಯವಿಲ್ಲ.

ಮೊದಲು ತಿಂದು ನೋಡಿ

ಮನೆಯಲ್ಲಿ ಪ್ರಯೋಗ ಮಾಡುವ ಮುನ್ನ, ಚೆನ್ನಾಗಿ ಮಾಡಿದ ಒಳಾಂಗದ ಅಡುಗೆ ಹೇಗಿರುತ್ತದೆ ಎಂಬುದನ್ನು ನಾಲಿಗೆ ತಿಳಿದಿರಬೇಕು. ಇದಕ್ಕೆ ಬೆಂಗಳೂರಿಗಿಂತ ಅನುಕೂಲವಾದ ಊರು ಸಿಗುವುದು ಕಷ್ಟ. ಕಾಟನ್‌ಪೇಟೆ, ಚಾಮರಾಜಪೇಟೆ, ಜಯನಗರದಂಥ ಬಡಾವಣೆಗಳ ಮಿಲಿಟರಿ ಹೋಟೆಲುಗಳಲ್ಲಿ ಲಿವರ್ ಫ್ರೈ, ಬೋಟಿ, ತಲೆಮಾಂಸ, ಕಾಲು ಸೂಪುಗಳ ಪೈಕಿ ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ. ರಂಜಾನ್ ತಿಂಗಳಲ್ಲಿ ಫ್ರೇಜರ್ ಟೌನ್ ಮತ್ತು ಶಿವಾಜಿನಗರದ ಬೀದಿಗಳಲ್ಲಿ ಪಾಯಾ (ಕಾಲು) ಮತ್ತು ಭೇಜಾ (ಮೆದುಳು) ಸಿಗುತ್ತವೆ. ಮಿಲಿಟರಿ ಹೋಟೆಲುಗಳಿಗೆ ಬೆಳಗಿನ ಹೊತ್ತಿಗೆ ಹೋಗುವುದು ಒಳ್ಳೆಯದು, ಏಕೆಂದರೆ ಲಿವರ್ ಆಗಷ್ಟೇ ಹುರಿದದ್ದಾಗಿದ್ದರೆ ಮಾತ್ರ ಅದರ ನಿಜವಾದ ಮೃದುತ್ವ ತಿಳಿಯುತ್ತದೆ. ಇಬ್ಬರು ಮೂವರು ಸೇರಿ ಒಂದೇ ಪ್ಲೇಟ್ ತರಿಸಿ, ಮುದ್ದೆಯ ಜೊತೆಗೋ ದೋಸೆಯ ಜೊತೆಗೋ ಎರಡು ತುತ್ತು ತಿಂದರೆ ಸಾಕು. ಮೊದಲ ದಿನವೇ ಇಷ್ಟವಾಗಬೇಕೆಂಬ ಹಟ ಬೇಡ. ನಾಲಿಗೆ ಪರಿಚಯವಿಲ್ಲದ ರುಚಿಯನ್ನು ಒಪ್ಪಿಕೊಳ್ಳಲು ಕೆಲವು ಭೇಟಿಗಳು ಬೇಕಾಗುತ್ತವೆ.

ಕಲಿಯುವ ಕ್ರಮ

ಒಳಾಂಗಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಿ ನೋಡುವುದರಿಂದ ಅರ್ಧ ತೊಂದರೆ ಹುಟ್ಟುತ್ತದೆ. ಲಿವರ್, ಕಿಡ್ನಿ, ಮೆದುಳು ಇವು ಬೇಗ ಬೇಯುವಂಥವು. ಇವುಗಳಲ್ಲಿ ನಾರು ಕಡಿಮೆ, ಹಾಗಾಗಿ ಹೆಚ್ಚು ಹೊತ್ತು ಬೇಯಿಸಿದಷ್ಟೂ ಒಳಗಿನ ನೀರು ಹೊರಬಂದು ಗಟ್ಟಿಯಾಗುತ್ತವೆ, ಮೆದುಳಾದರೆ ಪುಡಿಯಾಗುತ್ತದೆ. ಗಿಝರ್ಡ್ (ಕಾಳು ಅರೆಯುವ ಕೋಳಿಯ ಸ್ನಾಯು), ಬೋಟಿ, ನಾಲಿಗೆ, ತಲೆ, ಕಾಲು ಇವು ನಿಧಾನವಾಗಿ ಬೇಯುವಂಥವು. ಇವುಗಳಲ್ಲಿ ಗಟ್ಟಿ ಸ್ನಾಯುವೋ ಕೊಲಾಜೆನ್ ಎಂಬ ನಾರಿನ ಅಂಶವೋ ತುಂಬಿರುವುದರಿಂದ, ಅದು ಕರಗಿ ಜಿಲೆಟಿನ್ ಆಗುವವರೆಗೆ ಮೆತ್ತಗಾಗುವುದಿಲ್ಲ. ಗುಂಡಿಗೆ ಎರಡರ ನಡುವೆ ನಿಲ್ಲುತ್ತದೆ: ತೆಳುವಾಗಿ ಕೊಯ್ದು ಜೋರು ಉರಿಯಲ್ಲಿ ಹುರಿಯಬಹುದು, ದಪ್ಪ ತುಂಡು ಮಾಡಿ ಕುಕ್ಕರಿನಲ್ಲಿಯೂ ಇಡಬಹುದು, ಅರೆಬರೆ ಸಮಯ ಮಾತ್ರ ಅದಕ್ಕೆ ಆಗಿಬರುವುದಿಲ್ಲ.

ಹೊಸಬರಿಗೆ ನಾನು ಹೇಳುವ ಕ್ರಮ ಹೀಗಿದೆ. ಮೊದಲು ಕೋಳಿಯ ಗಿಝರ್ಡ್ ಮತ್ತು ಗುಂಡಿಗೆ, ಆನಂತರ ಕೋಳಿ ಲಿವರ್, ಅದಾದ ಮೇಲೆ ಕುರಿ ಅಥವಾ ಮೇಕೆಯ ಲಿವರ್, ಕಿಡ್ನಿ, ಮೆದುಳು, ಕೊನೆಯಲ್ಲಿ ಬೋಟಿ. ಕಾಲು ಸೂಪನ್ನು ಈ ಸಾಲಿನ ಯಾವ ಹಂತದಲ್ಲಿ ಬೇಕಾದರೂ ಮಾಡಬಹುದು, ಅದರಲ್ಲಿ ಹೆದರಿಸುವಂಥ ವಾಸನೆ ಇಲ್ಲ.

ಕೊಳ್ಳುವಾಗ ನೋಡಬೇಕಾದದ್ದು

ಶಿವಾಜಿನಗರದ ರಸೆಲ್ ಮಾರುಕಟ್ಟೆ, ರಿಚ್ಮಂಡ್ ಟೌನಿನ ಜಾನ್ಸನ್ ಮಾರುಕಟ್ಟೆಯ ಸುತ್ತಮುತ್ತ ಎಲ್ಲ ಭಾಗಗಳೂ ಸಿಗುತ್ತವೆ. ಆದರೂ ನಿಮ್ಮ ಬಡಾವಣೆಯಲ್ಲಿ ದಿನವೂ ಹೊಸ ಮಾಂಸ ತರುವ ಒಂದು ಅಂಗಡಿಯವರ ಪರಿಚಯ ಮಾಡಿಕೊಳ್ಳುವುದು ಇನ್ನೂ ಉತ್ತಮ, ಏಕೆಂದರೆ ಒಳಾಂಗ ಉಳಿದ ಮಾಂಸಕ್ಕಿಂತ ಬೇಗ ಕೆಡುತ್ತದೆ ಮತ್ತು ಅದು ಯಾವಾಗ ಬಂದದ್ದು ಎಂಬುದು ಅಂಗಡಿಯವರಿಗೆ ಮಾತ್ರ ಗೊತ್ತು. ಗಾಂಧಿ ಜಯಂತಿ, ಮಹಾವೀರ ಜಯಂತಿಯಂಥ ದಿನಗಳಲ್ಲಿ ನಗರದಲ್ಲಿ ಮಾಂಸ ಮಾರಾಟಕ್ಕೆ ನಿಷೇಧವಿರುತ್ತದೆ. ಯುಗಾದಿಯ ಮರುದಿನದ ಹೊಸತೊಡಕಿಗೆ ಅಂಗಡಿಗಳ ಮುಂದೆ ಬೆಳಗಿನ ಜಾವವೇ ಸಾಲು ಹತ್ತುತ್ತದೆ, ಆ ದಿನ ಕಲಿಕೆಗೆ ಒಳಾಂಗ ಹುಡುಕಿ ಹೊರಡುವುದು ಬೇಡ.

ಒಳ್ಳೆಯ ಲಿವರ್ ಕಡುಗೆಂಪು ಮಿಶ್ರಿತ ಕಂದು ಬಣ್ಣದ್ದಾಗಿ, ಹೊಳಪಾಗಿ, ಬೆರಳಿನಿಂದ ಒತ್ತಿದರೆ ಮತ್ತೆ ಎದ್ದುಬರುವಂತಿರುತ್ತದೆ. ಲೋಳೆಯಿದ್ದರೆ, ಹುಳಿ ವಾಸನೆ ಬಂದರೆ, ಮೇಲೆ ಹಸಿರು ಛಾಯೆ ಹರಡಿದ್ದರೆ ಬಿಟ್ಟುಬಿಡಿ. ಕುರಿ, ಮೇಕೆಗಳ ಲಿವರ್‌ನಲ್ಲಿ ಬಿಳಿ ಗಂಟುಗಳು, ನೀರು ತುಂಬಿದ ಗುಳ್ಳೆಗಳು ಅಥವಾ ನಾಳಗಳೊಳಗೆ ಎಲೆಯ ಆಕಾರದ ಚಪ್ಪಟೆ ಹುಳುಗಳು ಕಂಡರೆ ಅವು ಪರಾವಲಂಬಿಗಳ ಗುರುತು. ಅಂಥ ಭಾಗವನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಬಳಸುವ ಯೋಚನೆ ಮಾಡದೆ ಇಡಿಯಾಗಿ ನಿರಾಕರಿಸಬೇಕು. ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬೇಡವಾದ ಹಸಿ ಒಳಾಂಗವನ್ನು ದಯವಿಟ್ಟು ಬೀದಿನಾಯಿಗಳಿಗೆ ಹಾಕಬೇಡಿ. ಆ ನೀರುಗುಳ್ಳೆಗಳನ್ನುಂಟುಮಾಡುವ ಎಕಿನೊಕೋಕಸ್ ಎಂಬ ಲಾಡಿಹುಳು ನಾಯಿಯ ಹೊಟ್ಟೆಯಲ್ಲಿ ಬೆಳೆದು, ಅದರ ಮಲದ ಮೂಲಕ ಕುರಿಗಳಿಗೂ ಮನುಷ್ಯರಿಗೂ ಹರಡುತ್ತದೆ. ಮನುಷ್ಯರ ಲಿವರ್‌ನಲ್ಲಿ ಮತ್ತು ಶ್ವಾಸಕೋಶದಲ್ಲಿ ಅದೇ ಗುಳ್ಳೆಗಳು ಬೆಳೆದು ಶಸ್ತ್ರಚಿಕಿತ್ಸೆಯವರೆಗೆ ಹೋಗಬಹುದು.

ನಗರದ ಟ್ರಾಫಿಕ್ಕಿನಲ್ಲಿ ಮನೆ ಸೇರಲು ಒಂದು ಗಂಟೆ ಹಿಡಿಯುವುದಾದರೆ ಐಸ್ ಇಟ್ಟ ಚೀಲ ಒಯ್ಯಿರಿ. ತಂದ ದಿನವೇ ಅಡುಗೆ ಮಾಡುವುದು ಉತ್ತಮ. ಫ್ರಿಜ್ಜಿನಲ್ಲಿ ಒಂದೆರಡು ದಿನಕ್ಕಿಂತ ಹೆಚ್ಚು ಇಡಬಾರದು. ತೊಳೆಯುವಾಗ ನಲ್ಲಿಯ ಕೆಳಗೆ ರಭಸವಾಗಿ ನೀರು ಬಿಟ್ಟರೆ ಹನಿಗಳು ಸಿಂಕಿನ ಸುತ್ತಲೂ ಸಿಡಿದು ರೋಗಾಣು ಹರಡುತ್ತವೆ, ಆದ್ದರಿಂದ ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ ಅದರೊಳಗೇ ಅದ್ದಿ ತೊಳೆಯಿರಿ.

ಗಿಝರ್ಡ್: ಮೊದಲ ಪಾಠ

ಕೋಳಿ ತಿಂದ ಕಾಳನ್ನು ಅರೆಯುವ ಈ ದಪ್ಪ ಸ್ನಾಯುವಿನಲ್ಲಿ ಒಳಾಂಗದ ವಾಸನೆ ಇಲ್ಲವೆಂದೇ ಹೇಳಬಹುದು. ಒಳಗಿನ ಹಳದಿ ಪೊರೆಯನ್ನು ಅಂಗಡಿಯವರು ತೆಗೆದುಕೊಟ್ಟಿದ್ದಾರೆಯೇ ಎಂದು ನೋಡಿಕೊಳ್ಳಿ. ಅರ್ಧ ಕಿಲೋ ಗಿಝರ್ಡನ್ನು ಅರಿಶಿನ, ಉಪ್ಪು, ಜಜ್ಜಿದ ಶುಂಠಿ ಮತ್ತು ಒಂದು ಲೋಟ ನೀರಿನೊಂದಿಗೆ ಕುಕ್ಕರಿನಲ್ಲಿ ನಾಲ್ಕೈದು ಕೂಗು ಕೂಗಿಸಿ, ನಂತರ ತೆಳುವಾಗಿ ಹೆಚ್ಚಿ, ಈರುಳ್ಳಿ, ಕರಿಬೇವು, ಕುಟ್ಟಿದ ಕರಿಮೆಣಸಿನೊಂದಿಗೆ ಅಂಚು ಕೆಂಪಾಗುವವರೆಗೆ ಹುರಿಯಿರಿ. ಗುಂಡಿಗೆಗಳಿದ್ದರೆ ಎರಡಾಗಿ ಸೀಳಿ, ಹೆಪ್ಪುಗಟ್ಟಿದ ರಕ್ತವನ್ನು ತೊಳೆದು ಇದರ ಜೊತೆಗೇ ಹಾಕಬಹುದು.

ಲಿವರ್: ಇಲ್ಲಿ ನಿಧಾನವಾಗಿ ಕಲಿಯಿರಿ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕುರಿ ಕೊಯ್ದ ದಿನ ಲಿವರ್‌ನ ತುಂಡಿಗೆ ಉಪ್ಪು ಸವರಿ ಕೆಂಡದ ಮೇಲೆ ಸುಟ್ಟು ಮಕ್ಕಳ ಕೈಗೆ ಕೊಡುವ ರೂಢಿಯಿತ್ತು. ಅದರಲ್ಲಿ ಲಿವರ್ ಅಡುಗೆಯ ತಿರುಳೆಲ್ಲ ಅಡಗಿದೆ: ಹೊಸ ಲಿವರ್, ಜೋರು ಶಾಖ, ಕಡಿಮೆ ಸಮಯ.

ಕೋಳಿ ಲಿವರ್‌ನಿಂದ ಆರಂಭಿಸಿ. 250 ಗ್ರಾಂ ಲಿವರ್ ತೆಗೆದುಕೊಂಡು, ಎರಡು ಭಾಗಗಳನ್ನು ಜೋಡಿಸುವ ಬಿಳಿ ನಾರನ್ನು ಕತ್ತರಿಸಿ ತೆಗೆಯಿರಿ. ಎಲ್ಲಾದರೂ ಹಸಿರು ಕಲೆ ಕಂಡರೆ ಅದು ಪಿತ್ತ ತಾಗಿದ ಭಾಗ. ಅದೊಂದು ಚೂರು ಉಳಿದರೂ ಇಡೀ ಬಾಣಲೆ ಕಹಿಯಾಗುತ್ತದೆ. ಅರಿಶಿನ ಮತ್ತು ಅರ್ಧ ನಿಂಬೆಹಣ್ಣಿನ ರಸ ಬೆರೆಸಿದ ತಣ್ಣೀರಿನಲ್ಲಿ ಕಾಲು ಗಂಟೆ ನೆನೆಸಿ, ನೀರು ಬಸಿದು, ಶುಚಿಯಾದ ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಒರೆಸಿ. ಈ ಒರೆಸುವ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಒದ್ದೆ ಲಿವರ್ ಬಾಣಲೆಗೆ ಬಿದ್ದರೆ ಹುರಿಯುವ ಬದಲು ತನ್ನದೇ ನೀರಿನಲ್ಲಿ ಬೇಯುತ್ತದೆ, ಆ ಬೆಂದ ವಾಸನೆಯೇ ಹಲವರಿಗೆ ಹಿಡಿಸದಿರುವುದು.

ಕಬ್ಬಿಣದ ಬಾಣಲೆಯಲ್ಲಿ ಎರಡು ದೊಡ್ಡ ಚಮಚ ಎಣ್ಣೆ ಕಾಯಿಸಿ, ಕರಿಬೇವು, ಸೀಳಿದ ಮೂರು ಹಸಿಮೆಣಸಿನಕಾಯಿ, ಉದ್ದಕ್ಕೆ ಹೆಚ್ಚಿದ ಎರಡು ಈರುಳ್ಳಿ ಮತ್ತು ಒಂದು ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟನ್ನು ಹಸಿ ವಾಸನೆ ಹೋಗುವವರೆಗೆ ಬಾಡಿಸಿ ಪಕ್ಕಕ್ಕೆ ತೆಗೆದಿಡಿ. ಅದೇ ಬಾಣಲೆಗೆ ಇನ್ನೊಂದು ಚಮಚ ಎಣ್ಣೆ ಹಾಕಿ, ಉರಿ ಜೋರು ಮಾಡಿ, ಲಿವರ್ ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಹರಡಿ. ಎರಡು ನಿಮಿಷ ಕೈಯಾಡಿಸಬೇಡಿ. ಮಗುಚಿ, ಮತ್ತೆ ಎರಡು ನಿಮಿಷ ಬಿಡಿ. ಈಗ ತೆಗೆದಿಟ್ಟ ಈರುಳ್ಳಿ, ಒಂದು ಚಮಚ ಧನಿಯಾ ಪುಡಿ, ಒಂದೂವರೆ ಚಮಚ ತರಿಯಾಗಿ ಕುಟ್ಟಿದ ಕರಿಮೆಣಸು ಸೇರಿಸಿ ಉರಿಯನ್ನು ಮಧ್ಯಮಕ್ಕಿಳಿಸಿ ಮೂರು ನಾಲ್ಕು ನಿಮಿಷ ಬೇಯಿಸಿ. ಉಪ್ಪು ಕೊನೆಯಲ್ಲಿ ಹಾಕಿ, ಮೊದಲೇ ಹಾಕಿದರೆ ನೀರು ಬಿಡುತ್ತದೆ. ದಪ್ಪ ತುಂಡೊಂದನ್ನು ಮುರಿದು ನೋಡಿದಾಗ ಒಳಗೆ ಕೆಂಪು ರಸ ಇರಬಾರದು, ಆದರೆ ತೇವವಿರಬೇಕು. ಅರೆಬೆಂದ ಕೋಳಿ ಲಿವರ್ ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುವಿನಿಂದ ಹೊಟ್ಟೆ ಕೆಡಿಸಬಲ್ಲದು. ಅಡುಗೆಯ ಥರ್ಮಾಮೀಟರ್ ಇದ್ದರೆ ತುಂಡಿನ ಮಧ್ಯಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆಯೇ ಎಂದು ನೋಡಿ, ಮುಟ್ಟಿದ ಕೂಡಲೇ ಇಳಿಸಿ.

ಕುರಿ, ಮೇಕೆಯ ಲಿವರ್‌ಗೆ ಹಸಿರು ಮಸಾಲೆ ಚೆನ್ನಾಗಿ ಹೊಂದುತ್ತದೆ. ಅರ್ಧ ಕಿಲೋ ಲಿವರ್‌ನ ಮೇಲಿನ ತೆಳು ಪೊರೆಯನ್ನು ಒಂದು ಅಂಚಿನಿಂದ ಉಗುರಿನಲ್ಲಿ ಎತ್ತಿ ಸುಲಿಯಿರಿ. ಪೊರೆ ಉಳಿದರೆ ಬೇಯುವಾಗ ಸುಕ್ಕುಗಟ್ಟಿ ತುಂಡನ್ನು ಮುದುಡಿಸುತ್ತದೆ. ದಪ್ಪ ನಾಳಗಳನ್ನು ಬಿಡಿಸಿ, ಹೆಬ್ಬೆರಳಿನ ಅಗಲದ ತುಂಡುಗಳನ್ನಾಗಿ ಮಾಡಿ. ಒಂದು ಹಿಡಿ ನಾಟಿ ಕೊತ್ತಂಬರಿ ಸೊಪ್ಪು, ಅರ್ಧ ಹಿಡಿ ಪುದೀನ, ಆರು ಹಸಿಮೆಣಸಿನಕಾಯಿ, ಎಂಟು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಚಿಕ್ಕ ಚೂರು ಚಕ್ಕೆ, ಮೂರು ಲವಂಗ, ಒಂದು ಚಮಚ ಕರಿಮೆಣಸು, ಎರಡು ಚಮಚ ತೆಂಗಿನತುರಿ, ಒಂದು ಚಮಚ ಹುರಿಗಡಲೆ ಸೇರಿಸಿ ನುಣ್ಣಗೆ ರುಬ್ಬಿ. ಎಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಮಸಾಲೆ ಹಾಕಿ, ಎಣ್ಣೆ ಬಿಡುವವರೆಗೆ ಹುರಿದು, ಒಂದು ಲೋಟ ನೀರು ಮತ್ತು ಉಪ್ಪು ಹಾಕಿ ಹತ್ತು ನಿಮಿಷ ಕುದಿಸಿ. ಲಿವರ್ ಅನ್ನು ಅದಾದ ಮೇಲೆಯೇ ಹಾಕಬೇಕು. ಮಟನ್ ಸಾರಿನ ಅಭ್ಯಾಸದಲ್ಲಿ ಲಿವರನ್ನು ಮೊದಲೇ ಹಾಕಿ ಮಸಾಲೆಯ ಹಸಿತನ ಹೋಗಲೆಂದು ಕುದಿಸುತ್ತಾ ಹೋದರೆ, ಮಸಾಲೆ ಹದಕ್ಕೆ ಬರುವಷ್ಟರಲ್ಲಿ ಲಿವರ್ ಹದ ತಪ್ಪಿರುತ್ತದೆ. ಕುದಿಯುವ ಮಸಾಲೆಗೆ ಬಿದ್ದ ಲಿವರ್‌ಗೆ ಎಂಟರಿಂದ ಹತ್ತು ನಿಮಿಷ ಸಾಕು. ಕುಕ್ಕರ್ ಖಂಡಿತ ಬೇಡ.

ಇಷ್ಟಾದರೂ ರುಚಿ ಹಿಡಿಸದವರಿಗೆ ಒಂದು ಉಪಾಯವಿದೆ. ನಾಲ್ಕು ಪಾಲು ಖೀಮಾಕ್ಕೆ ಒಂದು ಪಾಲು ಸಣ್ಣಗೆ ಕೊಚ್ಚಿದ ಲಿವರ್ ಸೇರಿಸಿ ಮಾಡಿ. ಲಿವರ್ ಬೇರೆಯಾಗಿ ಕಾಣಿಸದೆ ಖೀಮಾದ ರುಚಿಯನ್ನು ಗಾಢವಾಗಿಸುತ್ತದೆ. ಮುಂದಿನ ಸಲ ಪಾಲನ್ನು ಸ್ವಲ್ಪ ಹೆಚ್ಚಿಸಿ.

ಲಿವರ್ ಎಷ್ಟು ತಿನ್ನಬೇಕು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಕಬ್ಬಿಣ, ಬಿ12, ಫೋಲೇಟ್‌ಗಳು ಇದರಲ್ಲಿರುವಷ್ಟು ಸಾಮಾನ್ಯ ಮಾಂಸದಲ್ಲಿ ಇರುವುದಿಲ್ಲ, ರಕ್ತಹೀನತೆ ಇರುವವರಿಗೆ ಹಿರಿಯರು ಲಿವರ್ ತಿನ್ನಿಸುತ್ತಿದ್ದುದಕ್ಕೆ ಗಟ್ಟಿ ಆಧಾರವಿದೆ. ಆದರೆ 100 ಗ್ರಾಂ ಕೋಳಿ ಲಿವರ್‌ನಲ್ಲಿ ಸುಮಾರು 3,300 ಮೈಕ್ರೋಗ್ರಾಂ ಎ ಜೀವಸತ್ವವಿದ್ದು, ವಯಸ್ಕರಿಗೆ ದಿನವೊಂದಕ್ಕೆ ಹೇಳಿರುವ ಗರಿಷ್ಠ ಮಿತಿಯೇ 3,000 ಮೈಕ್ರೋಗ್ರಾಂ. ಕುರಿಯ ಲಿವರ್‌ನಲ್ಲಿ ಅದು ಇನ್ನೂ ಹೆಚ್ಚು. ಈ ಜೀವಸತ್ವ ದೇಹದಲ್ಲಿ ಶೇಖರವಾಗುತ್ತದೆ. ಹಾಗಾಗಿ ವಾರಕ್ಕೊಮ್ಮೆ ಒಂದು ಸಣ್ಣ ಬಟ್ಟಲು ಸಾಕು. ಗರ್ಭಿಣಿಯರು ಲಿವರ್ ತಿನ್ನಬಾರದು, ಏಕೆಂದರೆ ಎ ಜೀವಸತ್ವ ಅತಿಯಾದರೆ ಭ್ರೂಣಕ್ಕೆ ಹಾನಿಯಾಗುತ್ತದೆ. ಗೌಟ್ ಎಂಬ ಕೀಲುನೋವಿನ ಕಾಯಿಲೆ ಇರುವವರಿಗೆ, ಯೂರಿಕ್ ಆಮ್ಲ ಹೆಚ್ಚಿರುವವರಿಗೆ, ದೇಹದಲ್ಲಿ ಯೂರಿಕ್ ಆಮ್ಲವಾಗುವ ಪ್ಯೂರಿನ್ ತುಂಬಿದ ಲಿವರ್, ಕಿಡ್ನಿಗಳು ಒಗ್ಗುವುದಿಲ್ಲ.

ಕಿಡ್ನಿ ಮತ್ತು ಮೆದುಳು

ಕಿಡ್ನಿಯ ವಾಸನೆಯೆಲ್ಲ ಅದರ ನಡುವಿನ ಬಿಳಿ ತಿರುಳಿನಲ್ಲಿರುತ್ತದೆ. ಮೇಲಿನ ಪೊರೆ ಸುಲಿದು, ಉದ್ದಕ್ಕೆ ಎರಡಾಗಿ ಸೀಳಿ, ಆ ಬಿಳಿ ಭಾಗವನ್ನು ಕತ್ತರಿಯಿಂದ ಪೂರ್ತಿ ತೆಗೆಯಿರಿ. ಉಪ್ಪು, ನಿಂಬೆರಸದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನಡುವೆ ಎರಡು ಸಲ ನೀರು ಬದಲಿಸಿ. ನಂತರ ಲಿವರ್ ಫ್ರೈ ಮಾಡಿದ ಕ್ರಮದಲ್ಲಿಯೇ ಹುರಿಯಿರಿ.

ಮೆದುಳು ಬಹಳ ಮೃದು, ಅಂಗಡಿಯವರು ತಲೆಯಿಂದ ಒಡೆಯದಂತೆ ತೆಗೆದುಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ಉಪ್ಪು ಬೆರೆಸಿದ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ನೀರಿನೊಳಗೇ ಅದರ ಮೇಲಿನ ತೆಳು ಪೊರೆಯನ್ನೂ ಕೆಂಪು ನಾಳಗಳನ್ನೂ ಬಿಡಿಸಿ. ಅರಿಶಿನ, ಶುಂಠಿ ಹಾಕಿದ ನೀರನ್ನು ಸಣ್ಣಗೆ ಕುದಿಸುತ್ತಾ ಅದರಲ್ಲಿ ಆರೇಳು ನಿಮಿಷ ಬೇಯಿಸಿದರೆ ಗಟ್ಟಿಯಾಗುತ್ತದೆ. ಆರಿದ ಮೇಲೆ ಮಾತ್ರ ಕತ್ತರಿಸಬೇಕು. ಈರುಳ್ಳಿ, ಟೊಮೇಟೊ, ಕರಿಮೆಣಸಿನ ಮಸಾಲೆ ಸಿದ್ಧಮಾಡಿಕೊಂಡು, ಕೊನೆಯಲ್ಲಿ ತುಂಡುಗಳನ್ನು ಹಾಕಿ, ಸೌಟಿನಿಂದ ಕಲಕದೆ ಬಾಣಲೆಯನ್ನೇ ಅಲುಗಾಡಿಸಿ. ಇದರಲ್ಲಿ ಕೊಲೆಸ್ಟರಾಲ್ ಎಲ್ಲ ಮಾಂಸಕ್ಕಿಂತ ಹೆಚ್ಚು, 100 ಗ್ರಾಂ ಹಸಿ ಮೆದುಳಿನಲ್ಲಿ 1,300 ಮಿಲಿಗ್ರಾಂ ದಾಟುತ್ತದೆ. ಅಪರೂಪಕ್ಕೆ ಮಾಡಿಕೊಳ್ಳುವ ಅಡುಗೆ ಇದು.

ಬೋಟಿ

ಬೋಟಿಯಲ್ಲಿ ಕರುಳೂ ಇರುತ್ತದೆ, ಜೇನುಗೂಡಿನ ಕಣಗಳಂತೆ ಕಾಣುವ ಹೊಟ್ಟೆಯ ಭಾಗವೂ ಇರುತ್ತದೆ. ಈ ಅಡುಗೆಯಲ್ಲಿ ಮುಕ್ಕಾಲು ಪಾಲು ಶ್ರಮ ಒಲೆ ಹಚ್ಚುವ ಮುನ್ನವೇ ಮುಗಿಯುತ್ತದೆ, ಅವಸರವಿರುವ ದಿನ ಇದನ್ನು ಕೈಗೆತ್ತಿಕೊಳ್ಳಬಾರದು. ಅಂಗಡಿಯವರು ಶುಚಿಮಾಡಿ ಕೊಟ್ಟರೂ ಮನೆಯಲ್ಲಿ ಮತ್ತೊಮ್ಮೆ ಮಾಡಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹೊಟ್ಟೆಯ ಭಾಗವನ್ನು ಕೈ ತಾಳದಷ್ಟು ಬಿಸಿಯಾದ, ಆದರೆ ಕುದಿಯದ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದು, ಮೇಲಿನ ಕಪ್ಪು ಪದರವನ್ನು ಮೊಂಡು ಚಾಕುವಿನಿಂದ ಕೆರೆಯಿರಿ. ಕುದಿಯುವ ನೀರಿಗೆ ಹಾಕಿದರೆ ಪದರ ಅಂಟಿಕೊಂಡು ಬಿಡಿಸಲಾಗದಂತಾಗುತ್ತದೆ. ಕರುಳನ್ನು ಉದ್ದಕ್ಕೆ ಸೀಳಿ ಒಳಗಿನ ಲೋಳೆಯನ್ನು ಕೆರೆದು ತೆಗೆಯಿರಿ. ಬಳಿಕ ಎಲ್ಲವನ್ನೂ ಕಲ್ಲುಪ್ಪು ಮತ್ತು ಅರಿಶಿನ ಹಾಕಿ ಚೆನ್ನಾಗಿ ತಿಕ್ಕಿ, ನೀರು ತಿಳಿಯಾಗುವವರೆಗೆ ತೊಳೆಯಿರಿ; ನಾಲ್ಕೈದು ನೀರು ಬೇಕಾಗುತ್ತದೆ. ಆಮೇಲೆ ಅರಿಶಿನ, ಜಜ್ಜಿದ ಶುಂಠಿ ಹಾಕಿದ ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಆ ನೀರನ್ನು ಚೆಲ್ಲಿಬಿಡಿ. ಉಳಿದ ವಾಸನೆಯ ಬಹುಪಾಲು ಈ ನೀರಿನೊಂದಿಗೆ ಹೋಗುತ್ತದೆ. ಕಿಟಕಿ ತೆರೆದಿಡಿ, ಅಕ್ಕಪಕ್ಕದ ಮನೆಯವರ ಬಗ್ಗೆಯೂ ಯೋಚಿಸಬೇಕಾದ ಅಪಾರ್ಟ್‌ಮೆಂಟುಗಳಲ್ಲಿ ಇದು ಮುಖ್ಯ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕರಾವಳಿಯ ಬಂಧುಗಳು ಹೇಳಿದ ಸಮಯ ನೋಡಿಕೊಂಡು ತೆರೆದ ಪಾತ್ರೆಯಲ್ಲಿ ಬೇಯಿಸಿದರೆ ಬೋಟಿ ಬೇಯಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಕುಕ್ಕರಿನೊಳಗೆ ಶಾಖ 120 ಡಿಗ್ರಿಯ ಸಮೀಪಕ್ಕೆ ಏರುತ್ತದೆ, ಇಲ್ಲಿ ಅದೇ ಸರಿ. ಸಣ್ಣಗೆ ಹೆಚ್ಚಿದ ಅರ್ಧ ಕಿಲೋ ಬೋಟಿಗೆ ಒಂದೂವರೆ ಲೋಟ ನೀರು, ಉಪ್ಪು, ಅರಿಶಿನ ಹಾಕಿ ಮೊದಲ ಕೂಗಿನ ನಂತರ ಮಧ್ಯಮ ಉರಿಯಲ್ಲಿ ಇಪ್ಪತ್ತೈದು ನಿಮಿಷ ಇಡಿ. ಬೆರಳುಗಳ ನಡುವೆ ಒತ್ತಿದರೆ ತುಂಡು ಕಷ್ಟವಿಲ್ಲದೆ ಹರಿಯಬೇಕು, ಇಲ್ಲದಿದ್ದರೆ ಮತ್ತೆ ಹತ್ತು ನಿಮಿಷ ಇಡಿ.

ಮಸಾಲೆಗೆ ಎರಡು ದೊಡ್ಡ ಚಮಚ ಧನಿಯಾ, ಆರು ಬ್ಯಾಡಗಿ ಮೆಣಸಿನಕಾಯಿ, ಮೂರು ಗುಂಟೂರು ಮೆಣಸಿನಕಾಯಿ, ಒಂದು ಚಮಚ ಕರಿಮೆಣಸು, ಒಂದು ಚಮಚ ಗಸಗಸೆ, ಚಕ್ಕೆ, ಲವಂಗ, ಒಂದು ಮರಾಠಿ ಮೊಗ್ಗುಗಳನ್ನು ಸಣ್ಣ ಉರಿಯಲ್ಲಿ ಹುರಿದು, ಅರ್ಧ ಬಟ್ಟಲು ತೆಂಗಿನತುರಿಯೊಂದಿಗೆ ರುಬ್ಬಿ. ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಟೊಮೇಟೊ ಬಾಡಿಸಿ, ಮಸಾಲೆ ಹುರಿದು, ಬೋಟಿಯನ್ನು ಬೆಂದ ನೀರಿನ ಸಮೇತ ಸೇರಿಸಿ ಕಾಲು ಗಂಟೆ ಕುದಿಸಿ. ಡಿಸೆಂಬರ್, ಜನವರಿಯಲ್ಲಿ ಮಾಗಡಿ ಕಡೆಯಿಂದ ಸೊಗಡಿನ ಅವರೆಕಾಯಿ ಬರುವಾಗ ಬೇಯಿಸಿದ ಅವರೆಕಾಳನ್ನು ಸೇರಿಸಿದರೆ ಇದಕ್ಕೆ ಸಮನಾದ ಸಾರು ನನಗೆ ಬೇರೆ ಗೊತ್ತಿಲ್ಲ. ಉಳಿದ ಕಾಲದಲ್ಲಿ ಅರ್ಧ ಗಂಟೆ ನೆನೆಸಿ ಬೇಯಿಸಿದ ಕಡಲೆಬೇಳೆ ಹಾಕಬಹುದು. ರಾಗಿಮುದ್ದೆಗೆ ತೆಳ್ಳಗೆ, ಅಕ್ಕಿರೊಟ್ಟಿಗೆ ಗಟ್ಟಿಯಾಗಿ ಮಾಡಿಕೊಳ್ಳಿ.

ಕಾಲು ಸೂಪಿಗೆ ಇದೇ ಕುಕ್ಕರ್ ಸಾಕು. ಸುಟ್ಟು ಕೂದಲು ತೆಗೆಸಿದ ನಾಲ್ಕು ಕಾಲುಗಳನ್ನು ಗೋಧಿ ಹಿಟ್ಟು ಹಾಕಿ ತಿಕ್ಕಿ ತೊಳೆದು, ಜಜ್ಜಿದ ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಟೊಮೇಟೊ, ಕುಟ್ಟಿದ ಮೆಣಸು, ಜೀರಿಗೆ, ಧನಿಯಾ, ಅರಿಶಿನ ಮತ್ತು ಎರಡು ಲೀಟರ್ ನೀರಿನೊಂದಿಗೆ ಸಣ್ಣ ಉರಿಯಲ್ಲಿ ಒಂದು ಗಂಟೆ ಇಡಿ. ಮಾಂಸ ಮೂಳೆಯಿಂದ ಜಾರಿಬರಬೇಕು, ತುಟಿಗೆ ತಾಗಿದ ಸೂಪು ಸ್ವಲ್ಪ ಅಂಟಬೇಕು. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಮರುದಿನ ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ. ಮೇಲೆ ಕೂತ ಕೊಬ್ಬಿನ ಪದರವನ್ನು ಚಮಚದಿಂದ ತೆಗೆದು, ಚೆನ್ನಾಗಿ ಕುದಿಸಿ, ಬಡಿಸುವ ಮುನ್ನ ಉಪ್ಪು ನೋಡಿ ನಿಂಬೆರಸ ಹಿಂಡಿಕೊಳ್ಳಿ.